ಮೇಜಿನ ಕೆಳಗಿನಿಂದ ಕಂಡ ಅಮ್ಮ

ಪ್ರಶ್ನೆ: ಮೂರು ವರ್ಷಗಳಿಂದ ತೈಲವರ್ಣದಲ್ಲಿ ಮನುಷ್ಯಾಕೃತಿಗಳನ್ನು ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ರಾತ್ರಿ ಹೊತ್ತು ಅಮ್ಮ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದಲ್ಲಿ ಹೊಲಿಯುತ್ತಿದ್ದರೆ, ನಾನು ಅದರ ಆಚೆ ಬದಿಯಲ್ಲಿ, ಅರ್ಧ ಮೇಜಿನ ಕೆಳಗೆ ನುಸುಳಿ ಕೂತು ಆಡಿಕೊಳ್ಳುತ್ತಿದ್ದೆ. ಆ ನೆನಪನ್ನು 90×120 ಸೆಂ.ಮೀ. ಕ್ಯಾನ್ವಾಸಿನಲ್ಲಿ ಸಾಂಕೇತಿಕ ಚಿತ್ರವಾಗಿಸಲು ಹೊರಟೆ. ಅಮ್ಮನನ್ನು ನಡುವೆ ನಿಲ್ಲಿಸಿದೆ, ಮುಖವನ್ನು ಹಳೆಯ ಫೋಟೊದಿಂದ ತೆಗೆದುಕೊಂಡೆ. ಕೈಯಲ್ಲಿ ಹಕ್ಕಿ, ಹಿಂದೆ ಮುಳ್ಳಿಲ್ಲದ ಗಡಿಯಾರ, ಎದೆಯಿಂದ ಹೊರಟು ನೆಲಕ್ಕೆ ಬೀಳುವ ಕೆಂಪು ದಾರ. ನೋಡಿದವರೆಲ್ಲ ‘ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೊ ಥರ ಇದೆ’ ಅನ್ನುತ್ತಾರೆ. ನನಗೂ ಅದರಲ್ಲಿ ಅಮ್ಮ ಕಾಣುತ್ತಿಲ್ಲ. ಕಲಾವಿದರ ನೆನಪು, ಅವರ ಮೇಲಾದ ಪ್ರಭಾವ ಇವೆಲ್ಲ ಚಿತ್ರದೊಳಗೆ ಹೇಗೆ ಕೆಲಸ ಮಾಡುತ್ತವೆ? ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಎರಡು ಚಿತ್ರಗಳಿವೆ. ಒಂದರಲ್ಲಿ ನೀವು ಯಂತ್ರದ ಕೆಳಗೆ ಕೂತಿದ್ದೀರಿ. ಇನ್ನೊಂದರಲ್ಲಿ, ಅಂದರೆ ಕ್ಯಾನ್ವಾಸಿನ ಮೇಲಿರುವುದರಲ್ಲಿ, ದೊಡ್ಡವರಾಗಿ ಅಮ್ಮನ ಎದುರು ನಿಂತಿದ್ದೀರಿ, ಫೋಟೊ ತೆಗೆಯುವವರು ನಿಲ್ಲುವ ಜಾಗದಲ್ಲಿ. ನೆನಪು ಕೈತಪ್ಪಿದ್ದು ಅಲ್ಲೇ. ಅದು ಹೋದ ಮೇಲೆ ಉಳಿದ ಖಾಲಿ ಜಾಗ ತುಂಬಲು ಹಕ್ಕಿ, ಗಡಿಯಾರ, ಕೆಂಪು ದಾರ ಬಂದು ಕೂತಿವೆ. ಹಾಗಾಗಿ ಸಂಕೇತಗಳನ್ನು ಬದಲಿಸಿದರೆ ಈ ಚಿತ್ರ ಸರಿಹೋಗುವುದಿಲ್ಲ. ನೀವು ಎಲ್ಲಿಂದ ನೋಡುತ್ತಿದ್ದೀರಿ ಎಂಬುದು ಮೊದಲು ಇತ್ಯರ್ಥವಾಗಬೇಕು.

ನೆನಪು ತಲೆಯೊಳಗೆ ಜೋಪಾನವಾಗಿಟ್ಟ ಫೋಟೊ ಅಲ್ಲ ಎಂಬುದು ಈಗ ಹಳೆಯ ಮಾತು. ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು: ನೆನಪಿಸಿಕೊಂಡಾಗಲೆಲ್ಲ ನಾವು ಉಳಿದ ಚೂರುಪಾರುಗಳಿಂದ ಘಟನೆಯನ್ನು ಮತ್ತೆ ಕಟ್ಟುತ್ತೇವೆ, ಕಟ್ಟುವಾಗ ನಮಗೆ ಪರಿಚಿತವಾದ ಅಚ್ಚಿಗೆ ಅದನ್ನು ಒಗ್ಗಿಸುತ್ತೇವೆ. ಚಿತ್ರಕಾರರಿಗೆ ಇದಕ್ಕಿಂತ ಉಪಯೋಗದ ಸಂಗತಿ ಇನ್ನೊಂದಿದೆ. 1983ರಲ್ಲಿ ಜಾರ್ಜಿಯಾ ನೈಗ್ರೊ ಮತ್ತು ಉಲ್ರಿಕ್ ನೈಸರ್ ಸ್ವಂತ ನೆನಪುಗಳನ್ನು ಜನ ಯಾವ ಕೋನದಿಂದ ಕಾಣುತ್ತಾರೆ ಎಂದು ಅಧ್ಯಯನ ಮಾಡಿದರು. ಕೆಲವನ್ನು ನಮ್ಮದೇ ಕಣ್ಣಿನಿಂದ ಕಾಣುತ್ತೇವೆ. ಕೆಲವನ್ನು ಹೊರಗೆ ನಿಂತು, ನಮ್ಮನ್ನೂ ದೃಶ್ಯದೊಳಗೆ ಸೇರಿಸಿಕೊಂಡು ಕಾಣುತ್ತೇವೆ. ಹಳೆಯ ನೆನಪುಗಳು ಹೊರಗಿನ ನೋಟಕ್ಕೆ ವಾಲುವುದು ಹೆಚ್ಚು. ಬಾಲ್ಯದ ನೆನಪನ್ನು ಬರೆಯಲು ಕೂತವರು ತಮಗೆ ತಿಳಿಯದಂತೆಯೇ ಎದ್ದು ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಕೂರುವುದಕ್ಕೆ ಇದೊಂದು ಕಾರಣ. ಮನೆಯ ಹಳೆಯ ಫೋಟೊಗಳು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ನೆನಪಿದೆ ಅಂದುಕೊಂಡ ಮುಖ ಎಷ್ಟೋ ಸಲ ಫೋಟೊದಲ್ಲಿನ ಮುಖವೇ ಆಗಿರುತ್ತದೆ.

ಇದನ್ನು ಬಲ್ಲವರಂತೆ ಕೆಲಸ ಮಾಡಿದವರು ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್. ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡಾಗ ಮುಂಕ್‌ಗೆ ಹದಿಮೂರು ವರ್ಷ. ‘ರೋಗಿ ಮಗು’ ಚಿತ್ರವನ್ನು ಅವರು ಬರೆದದ್ದು 1885-86ರಲ್ಲಿ, ಎಂಟು ವರ್ಷ ಕಳೆದ ಮೇಲೆ, ಬೆಟ್ಸಿ ನೀಲ್ಸನ್ ಎಂಬ ಬೇರೊಬ್ಬ ಹುಡುಗಿಯನ್ನು ಮಾದರಿಯಾಗಿ ಕೂರಿಸಿಕೊಂಡು. ಮಾದರಿ ಎದುರಿಗಿದ್ದರೂ ಅವರು ಹಿಡಿಯಹೊರಟದ್ದು ಆಕೆಯನ್ನಲ್ಲ. ಬಣ್ಣ ಹಚ್ಚಿದರು, ಕೆರೆದರು, ಟರ್ಪೆಂಟೈನಿನಿಂದ ಕರಗಿಸಿದರು, ಮತ್ತೆ ಹಚ್ಚಿದರು. ಮೊದಲ ಆವೃತ್ತಿಯ ಮೇಲ್ಮೈಯಲ್ಲಿ ಆ ಗೀರುಗಳು ಇವತ್ತಿಗೂ ಕಾಣುತ್ತವೆ. ನೋಡುವ ಹೊತ್ತಿನಲ್ಲಿ ತಮ್ಮದೇ ಕಣ್ರೆಪ್ಪೆಯ ಕೂದಲು ದೃಶ್ಯಕ್ಕೆ ಅಡ್ಡ ಬರುತ್ತಿದ್ದುದನ್ನೂ ನೆರಳಿನಂತೆ ಸೂಚಿಸಿದ್ದಾಗಿ ಆಮೇಲೆ ಬರೆದುಕೊಂಡಿದ್ದಾರೆ. ಎಂದರೆ ಕಂಡ ವಸ್ತುವಿನ ಜೊತೆಗೆ ಕಾಣುವ ಕಣ್ಣೂ ಚಿತ್ರದೊಳಗೆ ಬಂತು. ಅಷ್ಟಕ್ಕೂ ಬಿಡದೆ 1920ರ ದಶಕದವರೆಗೆ ಅದೇ ವಸ್ತುವನ್ನು ಒಟ್ಟು ಆರು ಸಲ ತೈಲವರ್ಣದಲ್ಲಿ ಬರೆದರು.

ಅವರ ಇನ್ನೊಂದು ಚಿತ್ರ ನಿಮ್ಮ ಸಮಸ್ಯೆಗೆ ಇನ್ನೂ ಹತ್ತಿರದ್ದು. 1893ರ ‘ರೋಗಿಯ ಕೋಣೆಯಲ್ಲಿ ಸಾವು’ ಚಿತ್ರದಲ್ಲಿ ಸೋಫಿ ಕುರ್ಚಿಯಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದಾರೆ, ಮುಖವೇ ಇಲ್ಲ. ಸುತ್ತ ನಿಂತ ಮನೆಯವರ ವಯಸ್ಸು ನೋಡಿ: 1877ರಲ್ಲಿ ಇದ್ದಂತಲ್ಲ, ಚಿತ್ರ ಬರೆದ ಕಾಲದಲ್ಲಿ ಇದ್ದಂತೆ ಇದ್ದಾರೆ. ದಾಖಲೆಯ ದೃಷ್ಟಿಯಿಂದ ಇದು ತಪ್ಪು. ಸಾವು ಮನೆಯಲ್ಲಿ ಇನ್ನೂ ಮುಗಿದಿಲ್ಲ ಎಂದು ಹೇಳಲು ಇದಕ್ಕಿಂತ ಚೊಕ್ಕ ಉಪಾಯ ಸಿಗಲಾರದು. ಇಲ್ಲಿ ತಲೆಬುರುಡೆಯಿಲ್ಲ, ಆರಿದ ದೀಪವಿಲ್ಲ. ಯಾರು ಎತ್ತ ತಿರುಗಿದ್ದಾರೆ, ಯಾರಿಗೆ ಎಷ್ಟು ವಯಸ್ಸು ಎಂಬಷ್ಟೇ ಸಂಕೇತ.

ಹೊರಗಿನ ನೋಟ ತಪ್ಪೆಂದು ಮಾತ್ರ ತಿಳಿಯಬೇಡಿ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯೆತ್ 1948ರ ‘ಕ್ರಿಸ್ಟಿನಾಳ ಜಗತ್ತು’ ಚಿತ್ರದಲ್ಲಿ ಅದನ್ನು ಬೇಕೆಂದೇ ತಿರುಗಿಸಿದರು. ನಡೆಯಲಾಗದ ಕ್ರಿಸ್ಟಿನಾ ಓಲ್ಸನ್ ಹೊಲದಲ್ಲಿ ತೆವಳುವುದನ್ನು ಅವರು ಕಂಡದ್ದು ಮನೆಯ ಕಿಟಕಿಯಿಂದ. ಚಿತ್ರದಲ್ಲಿ ನಾವು ಹೊಲದಲ್ಲಿ ಆಕೆಯ ಬೆನ್ನ ಹಿಂದೆ ಇದ್ದೇವೆ, ಮನೆ ದೂರದ ಏರಿನ ಮೇಲಿದೆ. ಕಂಡ ಜಾಗ ಬಿಟ್ಟು, ಆಕೆಗೆ ಆ ದೂರ ಎಷ್ಟು ದೊಡ್ಡದು ಎಂದು ಗೊತ್ತಾಗುವ ಜಾಗಕ್ಕೆ ನೋಟವನ್ನು ಕೊಂಡೊಯ್ದರು. ನೀವು ಎದುರಿಗೆ ಹೋಗಿ ನಿಂತದ್ದಕ್ಕೆ ಅಂಥ ಕಾರಣವಿಲ್ಲ. ಫೋಟೊ ಹಾಗಿತ್ತು, ಅಷ್ಟೆ.

ಈಗ ನಿಮ್ಮ ನೆನಪಿಗೆ ಬರೋಣ. ಪೆನ್ಸಿಲ್ ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ಹದಿನೈದು ನಿಮಿಷ ಬರೆಯಿರಿ, ಭಾವನೆಯ ಪದ ಒಂದೂ ಬೇಡ. ‘ಪ್ರೀತಿ’, ‘ಒಂಟಿತನ’, ‘ತ್ಯಾಗ’ ಬಂದ ಕೂಡಲೇ ಹೊಡೆದುಹಾಕಿ. ಬರೀ ಕಂಡದ್ದು, ಕೇಳಿದ್ದು, ಮುಟ್ಟಿದ್ದು. ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು: ನಾನೇ ಕಂಡದ್ದು, ಮನೆಯವರು ಹೇಳಿ ತಿಳಿದದ್ದು, ಫೋಟೊದಿಂದ ಬಂದದ್ದು. ಮೂರನೆಯ ಗುಂಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡನೆಯದನ್ನು ಎಸೆಯಬೇಕಿಲ್ಲ, ಆದರೆ ಅದು ಕಿವಿಯಿಂದ ಬಂದದ್ದು ಎಂಬ ಎಚ್ಚರ ಇರಲಿ.

ಮುಂದಿನದು ಲೆಕ್ಕ. ಸಾಂಕೇತಿಕ ಚಿತ್ರಕ್ಕೆ ಲೆಕ್ಕ ಯಾಕೆ ಅನ್ನಿಸಬಹುದು, ನಿಮ್ಮ ಚಿತ್ರದ ಅರ್ಥ ಹುಟ್ಟುವುದೇ ಇಲ್ಲಿ. ಐದು ವರ್ಷದ ಮಗು ನೆಲದ ಮೇಲೆ ಕೂತರೆ ಅದರ ಕಣ್ಣು ಹೆಚ್ಚುಕಡಿಮೆ 50 ಸೆಂ.ಮೀ. ಎತ್ತರದಲ್ಲಿರುತ್ತದೆ. ಹೊಲಿಗೆ ಮೇಜಿನ ಹಲಗೆಯ ಅಡಿಭಾಗ 70 ಸೆಂ.ಮೀ. ಅಂದುಕೊಳ್ಳಿ. ಸ್ಟೂಲಿನ ಮೇಲೆ ಕೂತವರ ಮಂಡಿಯೂ ಸುಮಾರು 50 ಸೆಂ.ಮೀ.ಗೇ ಬರುತ್ತದೆ. ಹಾಗಾದರೆ ನಿಮ್ಮ ಕಣ್ಮಟ್ಟದ ರೇಖೆ ನೇರವಾಗಿ ಅಮ್ಮನ ಮಂಡಿಯ ಮೇಲೆ ಹಾದುಹೋಗುತ್ತದೆ. ಪೆಡಲ್ಲನ್ನು ಮೇಲಿನಿಂದ ಕಾಣುತ್ತೀರಿ, ಹಲಗೆಯನ್ನು ಅಡಿಯಿಂದ. ಅಮ್ಮನ ಮುಖ ಹಲಗೆಯ ಹಿಂದೆ ಪೂರ್ತಿ ಮರೆಯಾಗುತ್ತದೆ. ನೀವು ಫೋಟೊದಿಂದ ತಂದು ಅಂಟಿಸಿದ ಮುಖ ಆ ಜಾಗದಿಂದ ಕಾಣುವಂಥದ್ದೇ ಅಲ್ಲ! ನಿಮಗೆ ಚಿತ್ರದಲ್ಲಿ ಅಮ್ಮ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನಿಮ್ಮ ನೆನಪಿನ ಅಮ್ಮ ಎಂದರೆ ಎರಡು ಪಾದ, ಎರಡು ಮಂಡಿ, ಮಡಿಲು, ಮೇಲಿನಿಂದ ಬರುವ ದನಿ.

ಇನ್ನು ಆ ಯಂತ್ರವನ್ನೇ ನೋಡಿ. ಪೆಡಲ್ಲಿನಿಂದ ಒಂದು ಸರಳು ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಹೊಲಿಯುವವರ ಬಲಕ್ಕಿರುವ ಆ ಚಕ್ರ ಎದುರು ಬದಿಯಲ್ಲಿ ಕೂತ ನಿಮಗೆ ಎಡಕ್ಕೆ ಕಾಣಬೇಕು (ಫೋಟೊ ನೋಡಿ ಬರೆಯುವವರು ಸಾಮಾನ್ಯವಾಗಿ ಇಲ್ಲಿ ಎಡವುತ್ತಾರೆ). ಚಕ್ರದಿಂದ ಚರ್ಮದ ಬೆಲ್ಟ್ ಹಲಗೆಯಲ್ಲಿನ ಎರಡು ತೂತುಗಳ ಮೂಲಕ ಮೇಲಕ್ಕೆ ಹೋಗಿ ಬರುತ್ತದೆ. ಇತ್ತ ಸೂಜಿಯ ಕೆಳಗಿಂದ ಹೊಲಿದಾದ ಬಟ್ಟೆ ಹೊಲಿಯುವವರಿಂದ ಆಚೆಗೆ ಸರಿಯುತ್ತದೆ, ಅಂದರೆ ನಿಮ್ಮ ಕಡೆಗೆ, ಹಲಗೆಯ ಅಂಚಿನಿಂದ ಇಳಿದು ಪರದೆಯಂತೆ ತೂಗುತ್ತದೆ. ಮೇಲಿನ ದೀಪದ ಬೆಳಕು ತೆಳುಬಟ್ಟೆಯ ಮೂಲಕ ಹಾದು ಬರುವುದು ಆ ಕತ್ತಲೆ ಜಾಗದಲ್ಲಿ ನಿಮಗೆ ಸಿಗುವ ಬೆಳಕು. ಪಾದದ ಬಲ ಬೆಲ್ಟಿನಲ್ಲಿ ಕಣ್ಣಿಗೆ ಕಾಣದ ಕಡೆಗೆ ಏರಿ, ಬಟ್ಟೆಯಾಗಿ ಮಗುವಿನ ಕಡೆಗೆ ಇಳಿದು ಬರುತ್ತಿದೆ. ಎದೆಯಿಂದ ಹೊರಟ ಕೆಂಪು ದಾರ ಹೇಳಲು ಹವಣಿಸಿದ್ದನ್ನು ಈ ಬೆಲ್ಟು, ಈ ಬಟ್ಟೆ ಯಾವ ಹಟವೂ ಇಲ್ಲದೆ ಹೇಳುತ್ತವೆ. ಇವು ಅಲ್ಲಿ ಮೊದಲೇ ಇದ್ದವು, ತಮ್ಮ ಕೆಲಸ ಮಾಡಿಕೊಂಡು.

ಸಂಕೇತವನ್ನು ಆರಿಸುವಾಗ ನಾನು ನಂಬುವ ಪರೀಕ್ಷೆ ಒಂದೇ: ಆ ವಸ್ತು ಚಿತ್ರದೊಳಗೆ ಏನಾದರೂ ಮಾಡುತ್ತಿದೆಯೇ? ಏರುತ್ತಿದೆ, ಎಳೆಯುತ್ತಿದೆ, ಮರೆಮಾಡುತ್ತಿದೆ, ಭಾರ ಹೊತ್ತಿದೆ ಎಂದು ಒಂದು ಕ್ರಿಯಾಪದದಲ್ಲಿ ಹೇಳಲು ಬಂದರೆ ಅದು ಉಳಿಯಲಿ. ‘ಇದು ಸ್ವಾತಂತ್ರ್ಯದ ಪ್ರತೀಕ’ ಎಂದಷ್ಟೇ ಹೇಳಲು ಬರುವುದಾದರೆ ಅದು ನಿಘಂಟಿನಿಂದ ಬಂದದ್ದು. ನಿಮ್ಮ ಹಕ್ಕಿ ಏನೂ ಮಾಡುತ್ತಿಲ್ಲ, ಕೈಯಲ್ಲಿ ಕೂತಿದೆ. ಗಡಿಯಾರಕ್ಕೆ ಮುಳ್ಳಿಲ್ಲ ಎಂಬುದನ್ನು ನೋಡುಗರು ಓದುತ್ತಾರೆ, ಕಾಣುವುದಿಲ್ಲ. ಎರಡರ ಮೇಲೂ ಹೆಬ್ಬೆರಳಿಟ್ಟು ಮುಚ್ಚಿ ಉಳಿದ ಚಿತ್ರವನ್ನು ನೋಡಿ. ಏನೂ ಕುಸಿಯದಿದ್ದರೆ ಅವು ಆಧಾರವಾಗಿರಲಿಲ್ಲ.

ಕಾಲೊ ಅವರ ಚಿತ್ರಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ ಎಂಬುದನ್ನು ಅವರ ಅನುಕರಣೆ ಮಾಡುವವರು ಗಮನಿಸುವುದಿಲ್ಲ. 1932ರ ‘ಹೆನ್ರಿ ಫೋರ್ಡ್ ಆಸ್ಪತ್ರೆ’ಯಲ್ಲಿ ಗರ್ಭಪಾತವಾಗಿ ಹಾಸಿಗೆಯ ಮೇಲೆ ಮಲಗಿದ ಆಕೆಯ ಕೈಯಿಂದ ಆರು ಕೆಂಪು ಎಳೆಗಳು ಆರು ವಸ್ತುಗಳಿಗೆ ಹೋಗುತ್ತವೆ. ಅದರಲ್ಲಿನ ಆರ್ಕಿಡ್ ಹೂವು ಎಲ್ಲಿಂದಲೋ ಬಂದದ್ದಲ್ಲ, ಗಂಡ ಡಿಯೆಗೊ ರಿವೆರಾ ಆಸ್ಪತ್ರೆಗೆ ತಂದುಕೊಟ್ಟದ್ದು. ಬಸವನಹುಳು ಗರ್ಭಪಾತ ನಿಧಾನವಾಗಿ ಎಳೆದಾಡಿದ ರೀತಿಗೆ. ಕೆಂಪು ಎಳೆ ಹೊಕ್ಕುಳಬಳ್ಳಿಯಂತೆ ಕೆಲಸ ಮಾಡುತ್ತದೆ. ಎಲ್ಲಕ್ಕೂ ಆ ವಾರದಲ್ಲಿ ಒಂದು ಬೇರಿದೆ. ಇನ್ನು ಅದರ ರೂಪ? ಸುಮಾರು 30×38 ಸೆಂ.ಮೀ.ನ ಲೋಹದ ತಗಡಿನ ಮೇಲೆ ಬರೆದ ಚಿತ್ರ ಅದು. ಮೆಕ್ಸಿಕೋದ ಚರ್ಚುಗಳಲ್ಲಿ ಜನ ಹರಕೆ ತೀರಿಸಲು ಒಪ್ಪಿಸುತ್ತಿದ್ದ, ಅಪಘಾತ, ಕಾಯಿಲೆಗಳನ್ನು ನೇರಾನೇರ ತೋರಿಸುವ ಪುಟ್ಟ ತಗಡಿನ ಚಿತ್ರಗಳ ಪರಂಪರೆಯಿಂದ ತೆಗೆದುಕೊಂಡದ್ದು. ಅಂಥ ಚಿತ್ರಗಳನ್ನು ಆಕೆ ದೊಡ್ಡ ಸಂಖ್ಯೆಯಲ್ಲಿ ಸಂಗ್ರಹಿಸಿದ್ದರು. ಆ ಪರಂಪರೆಯಲ್ಲಿ ಸಂತರೋ ದೇವಮಾತೆಯೋ ಮೇಲೆ ಮೋಡದಲ್ಲಿ ಕಾಣಿಸಿಕೊಂಡು ಕಾಪಾಡುತ್ತಾರೆ. ಕಾಲೊ ಹಾಗೆ ಕಾಪಾಡುವವರನ್ನು ಯಾರನ್ನೂ ಇಡಲಿಲ್ಲ. ಎರವಲು ತಂದ ರೂಪದಿಂದ ಕಾಪಾಡುವವರನ್ನೇ ಕೈಬಿಟ್ಟದ್ದರಲ್ಲಿ ಆಕೆಯ ಇಡೀ ಮಾತಿದೆ. ನೀವು ತೆಗೆದುಕೊಂಡದ್ದು ಕೆಂಪು ದಾರವನ್ನು. ತೆಗೆದುಕೊಳ್ಳಬಹುದಾಗಿದ್ದದ್ದು ಆ ಧೈರ್ಯವನ್ನು: ಎಲ್ಲರೂ ನಿರೀಕ್ಷಿಸುವ ಮುಖ್ಯ ವ್ಯಕ್ತಿಯನ್ನೇ ಬಿಟ್ಟುಬಿಡುವುದು.

ಪ್ರಭಾವದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಭಯ. ಕೆಲವರು ಯಾರ ಚಿತ್ರವನ್ನೂ ನೋಡದಿದ್ದರೆ ಸ್ವಂತಿಕೆ ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಅವರ ಕೈಗೆ ಸಿಗುವುದು ಪೋಸ್ಟರು, ಪುಸ್ತಕದ ರಕ್ಷಾಪುಟಗಳ ಸವಕಲು ಪ್ರತೀಕಗಳು, ಯಾಕೆಂದರೆ ಕಣ್ಣು ಖಾಲಿ ಇರುವುದಿಲ್ಲ. ಇನ್ನು ಕೆಲವರು ಒಬ್ಬರನ್ನೇ ಹಿಡಿದು ಅವರ ಶೈಲಿಯನ್ನು ಹೊದ್ದುಕೊಳ್ಳುತ್ತಾರೆ. ಕೆಲಸ ಮಾಡುವ ದಾರಿ ಬೇರೆ: ನಿಮ್ಮ ಚಿತ್ರದಲ್ಲಿ ಒಂದು ನಿರ್ದಿಷ್ಟ ತೊಡಕು ಎದುರಾದಾಗ, ಅದೇ ತೊಡಕನ್ನು ಹಿಂದೆ ಯಾರು ಬಿಡಿಸಿದ್ದಾರೆ ಎಂದು ಹುಡುಕಿಕೊಂಡು ಹೋಗುವುದು.

ಫ್ರೆಂಚ್ ಚಿತ್ರಕಾರ ಗೊಗ್ಯಾಂಗೆ 1888ರಲ್ಲಿ ಇದ್ದ ತೊಡಕು ಇದು: ಚರ್ಚಿನಿಂದ ಹೊರಬಂದ ಹೆಂಗಸರು ನಿಜ, ಅವರು ಮನಸ್ಸಿನಲ್ಲಿ ಕಾಣುತ್ತಿರುವ, ಬೈಬಲ್ಲಿನ ಯಾಕೋಬ ಮತ್ತು ದೇವದೂತರ ಕುಸ್ತಿ ನಿಜವಲ್ಲ. ಎರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಹೇಗಿಡುವುದು? ಜಪಾನಿ ಅಚ್ಚುಚಿತ್ರಗಳು ಅವರಿಗೆ ದಾರಿ ತೋರಿದವು. ಒಂದು ಮರದ ಕಾಂಡ ಓರೆಯಾಗಿ ಚಿತ್ರವನ್ನು ಸೀಳುತ್ತದೆ, ನೆಲ ನೆರಳಿಲ್ಲದ ಚಪ್ಪಟೆ ಕೆಂಪು. ‘ಧರ್ಮೋಪದೇಶದ ನಂತರದ ದರ್ಶನ’ ನೋಡಿದರೆ ಜಪಾನ್ ನೆನಪಾಗಬೇಕೆಂದೇನೂ ಇಲ್ಲ. ಚಿತ್ರಕಾರ ಶಗಾಲ್ 1911ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ತಮ್ಮ ಊರು ವಿಟೆಬ್ಸ್ಕ್ ಅನ್ನು ಬರೆದ ‘ನಾನು ಮತ್ತು ಹಳ್ಳಿ’ಯಲ್ಲೂ ಹೀಗೇ. ವಸ್ತುವೆಲ್ಲ ಊರಿನದು, ಕಟ್ಟಡ ಪ್ಯಾರಿಸ್ಸಿನ ಕ್ಯೂಬಿಸಂನದು, ಅಂದರೆ ವಸ್ತುಗಳನ್ನು ತುಂಡುಗಳಾಗಿ ಒಡೆದು ಹಲವು ಕೋನಗಳಿಂದ ಒಟ್ಟಿಗೆ ತೋರಿಸುವ ಶೈಲಿಯದು. ದನದ ಕೆನ್ನೆಯೊಳಗೇ ಹಾಲು ಕರೆಯುವ ಹೆಂಗಸು, ಮೇಲೆ ತಲೆಕೆಳಗಾದ ಮನೆಗಳು, ಹಸಿರು ಮುಖದ ಮನುಷ್ಯನ ಕಣ್ಣಿನಿಂದ ದನದ ಕಣ್ಣಿಗೆ ಒಂದು ಸಣ್ಣ ಗೆರೆ. ಬೇರೆ ಬೇರೆ ಅಳತೆಯ, ಬೇರೆ ಬೇರೆ ಹೊತ್ತಿನ ನೆನಪುಗಳು ಒಂದೇ ಮೇಲ್ಮೈಯಲ್ಲಿ ಜಗಳವಾಡದೆ ಕೂರಲು ಕ್ಯೂಬಿಸಂನ ತುಂಡುಗಳು ಕಪಾಟಿನ ಅರೆಗಳಂತೆ ನೆರವಾದವು. ಬ್ರಿಟನ್ನಿನ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಅವರಲ್ಲಂತೂ ಪ್ರಭಾವವೇ ನೆನಪಿನ ಜಾಗ ತೆಗೆದುಕೊಂಡಿತು. 1953ರ ಅವರ ಚೀರುವ ಪೋಪ್ ಹಿಂದೆ ಸ್ಪೇನಿನ ಚಿತ್ರಕಾರ ವೆಲಾಸ್ಕೆತ್ 1650ರಲ್ಲಿ ಬರೆದ ಪೋಪ್ ಹತ್ತನೆಯ ಇನ್ನೊಸೆಂಟರ ಭಾವಚಿತ್ರವಿದೆ, 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಸಿನಿಮಾದ ಚೀರುವ ದಾದಿ ಇದ್ದಾಳೆ, ಬಾಯಿಯ ರೋಗಗಳ ಪುಸ್ತಕದ ಬಣ್ಣದ ಪಟಗಳಿವೆ. ಮೂಲ ಭಾವಚಿತ್ರವನ್ನು ನೋಡುವ ಅವಕಾಶ ರೋಮಿನಲ್ಲಿ ಸಿಕ್ಕರೂ ಅವರು ನೋಡಲಿಲ್ಲ. ಸುಕ್ಕಾದ ಮುದ್ರಿತ ಪ್ರತಿಗಳು ಮನಸ್ಸಿನಲ್ಲಿ ಕೆಟ್ಟುಹೋದ ರೀತಿಯೇ ಅವರಿಗೆ ಸಾಕಾಗಿತ್ತು.

ನಿಮ್ಮ ತೊಡಕು ಎರಡು. ಮುಖವಿಲ್ಲದ ಆಕೃತಿ ತುಂಡರಿಸಿದ ದೇಹದಂತೆ ಕಾಣಬಾರದು, ಆಕೆ ಅಲ್ಲೇ ಮೇಲೆ ಇದ್ದಾರೆ ಅನ್ನಿಸಬೇಕು. ಮತ್ತು ಇಕ್ಕಟ್ಟಿನ ಜಾಗ ಭಯ ಹುಟ್ಟಿಸದೆ ಬೆಚ್ಚಗಿರಬೇಕು. ಮೊದಲನೆಯದಕ್ಕೆ ಫ್ರೆಂಚ್ ಚಿತ್ರಕಾರ ದೆಗಾ ಸುಮಾರು 1870ರಲ್ಲಿ ಬರೆದ ‘ಒಪೆರಾದ ವಾದ್ಯವೃಂದ’ ನೋಡಿ. ಕೆಳಗೆ ಕಪ್ಪು ಬಟ್ಟೆಯ ವಾದಕರು, ಮೇಲಿನ ಪಟ್ಟಿಯಲ್ಲಿ ರಂಗದ ಬೆಳಕು ಬಿದ್ದ ನರ್ತಕಿಯರು. ಅವರ ತಲೆಗಳನ್ನು ಚೌಕಟ್ಟು ಕತ್ತರಿಸಿದೆ, ಆದರೂ ಯಾರಿಗೂ ಅದು ಹಿಂಸೆ ಅನ್ನಿಸುವುದಿಲ್ಲ. ಕಾರಣ ಅವರು ಕುಣಿಯುತ್ತಿದ್ದಾರೆ, ದೇಹದ ಚಲನೆ ಚೌಕಟ್ಟಿನಾಚೆಗೂ ಮುಂದುವರಿಯುತ್ತದೆ. ನಿಮ್ಮಲ್ಲೂ ಪಾದಗಳು ಒಂದರ ಹಿಂದೊಂದು ಇದ್ದು, ಹಿಮ್ಮಡಿ ಒತ್ತಿ ಬೆರಳು ಎದ್ದ ಗಳಿಗೆ ಬೇಕು. ಎರಡೂ ಪಾದ ಸಮವಾಗಿ ಊರಿದ್ದರೆ ಹೆಣದ ಕಾಲಿನಂತೆ ಕಾಣುವ ಅಪಾಯವಿದೆ. ಎರಡನೆಯದಕ್ಕೆ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ವುಯಾರ್. ಅವರ ತಾಯಿ ಮನೆಯಲ್ಲೇ ಹೊಲಿಗೆಯ ಕಸುಬು ನಡೆಸುತ್ತಿದ್ದವರು. ತಾಯಿ 1928ರಲ್ಲಿ ತೀರಿಕೊಳ್ಳುವವರೆಗೂ ಮಗ ಜೊತೆಗೇ ಇದ್ದರು. 1893ರ ‘ಕಲಾವಿದನ ತಾಯಿ ಮತ್ತು ಅಕ್ಕ’ ಎಂದು ಕರೆಯಬಹುದಾದ ಒಳಾಂಗಣ ಚಿತ್ರದಲ್ಲಿ ಸಹೋದರಿಯ ಬಟ್ಟೆಯ ವಿನ್ಯಾಸ ಗೋಡೆಕಾಗದದಲ್ಲಿ ಕರಗಿಹೋಗುತ್ತದೆ, ಆಕೆ ಚೌಕಟ್ಟಿಗೆ ತಲೆ ತಗುಲೀತೇನೋ ಎಂಬಂತೆ ಬಾಗಿದ್ದಾಳೆ. ಬಟ್ಟೆ ಮತ್ತು ಜಾಗ ಒಂದಾಗುವ ಆ ಉಪಾಯವನ್ನು ತೂಗುವ ಬಟ್ಟೆಗೆ ಬಳಸಬಹುದು.

ಇವುಗಳನ್ನು ನೋಡಿ ನಕಲು ಮಾಡುವಾಗ ಬಣ್ಣ ಮುಟ್ಟಬೇಡಿ. ಅಂಗೈಯಗಲದ ಕಾಗದದಲ್ಲಿ ಕಪ್ಪು, ಬೂದು, ಬಿಳಿ ಮೂರೇ ಛಾಯೆಯಲ್ಲಿ ದೊಡ್ಡ ಆಕಾರಗಳನ್ನಷ್ಟೇ ಬರೆಯಿರಿ. ಒಂದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಪುಸ್ತಕ ಮುಚ್ಚಿ, ಒಂದು ವಾರ ಬಿಟ್ಟು ನೆನಪಿನಿಂದ ಮತ್ತೆ ಬರೆಯಿರಿ. ಉಳಿದದ್ದು ನಿಮಗೆ ಬೇಕಾದದ್ದು. ಮರೆತದ್ದು ಅವರ ಶೈಲಿ.

ಹೊಸ ಚಿತ್ರಕ್ಕೆ 9×12 ಸೆಂ.ಮೀ. ಸ್ಕೆಚ್ಚುಗಳು, ಕಡಿಮೆಯೆಂದರೆ ಇಪ್ಪತ್ತು. ನಿಮ್ಮ ಕ್ಯಾನ್ವಾಸಿನ ಅನುಪಾತವೇ ಇದು, ಹಾಗಾಗಿ ಹಿಗ್ಗಿಸುವಾಗ ಏನೂ ಜಾರುವುದಿಲ್ಲ. ಮೊದಲ ಐದಾರು ಎಲ್ಲರೂ ಬರೆಯುವಂಥವೇ ಆಗಿರುತ್ತವೆ, ಬೇಸರಪಡಬೇಡಿ. ಕ್ಯಾನ್ವಾಸನ್ನು ಅಡ್ಡಲಾಗಿ ಇಟ್ಟು ಶುರುಮಾಡಲು ಒಂದು ವಿನ್ಯಾಸ: ಮೇಲಂಚಿನಿಂದ 30 ಸೆಂ.ಮೀ. ಕೆಳಗೆ ಕಣ್ಮಟ್ಟದ ರೇಖೆ, ಅದರ ಮೇಲೆ ಮಂಡಿಗಳು. ಮೇಲಿನ 12 ಸೆಂ.ಮೀ. ಹಲಗೆಯ ಕಪ್ಪು ಅಡಿಭಾಗ, ಚಾವಣಿಯ ಹಾಗೆ. ಇವೆರಡರ ನಡುವಿನ 18 ಸೆಂ.ಮೀ. ಸೀಳಿನಲ್ಲಿ ಮಡಿಲು ಮತ್ತು ದೀಪದ ಬೆಳಕು. ಪೆಡಲ್ ಕೆಳಗಂಚಿಗೆ ಸುಮಾರು 6 ಸೆಂ.ಮೀ. ಹತ್ತಿರ ಬರುತ್ತದೆ. ಎಡಗಡೆ ಚಕ್ರ, ಅದರಿಂದ ಬೆಲ್ಟ್ ಕಪ್ಪು ಪಟ್ಟಿಯೊಳಕ್ಕೆ. ಬಲಗಡೆ ಮುನ್ನೆಲೆಯಲ್ಲಿ ಮೇಲಂಚಿನಿಂದ ಇಳಿಯುವ ಬಟ್ಟೆ. ಇದು ಪರ್ಸ್‌ಪೆಕ್ಟಿವ್ (ದೂರ-ಹತ್ತಿರ ತೋರಿಸುವ ನಿಯಮ) ಪ್ರಕಾರ ಹೊಂದುವ ಲೆಕ್ಕ. ಇಲ್ಲಿಂದ ಮುಂದೆ ಲೆಕ್ಕವನ್ನು ಮುರಿಯುವ ಹಕ್ಕು ನಿಮ್ಮದು. ಚಕ್ರ ನೆನಪಿನಲ್ಲಿ ನಿಮಗಿಂತ ದೊಡ್ಡದಾಗಿದ್ದರೆ ಅದನ್ನು ಕಾಲುಭಾಗ ಹಿಗ್ಗಿಸಿ. ಆದರೆ ಹಿಗ್ಗಿಸುವುದು ಒಂದನ್ನೇ ಇರಲಿ. ಪಾದ, ಚಕ್ರ, ಬಟ್ಟೆ ಮೂರೂ ಹಿಗ್ಗಿದರೆ ಯಾವುದೂ ಹಿಗ್ಗಿದಂತೆ ಕಾಣುವುದಿಲ್ಲ.

ಪಾದದ ರಚನೆಗೆ ಮಾದರಿ ಬೇಕೇ ಬೇಕು. ನೆನಪಿನಿಂದ ಬರೆದ ಪಾದ ಸಾಮಾನ್ಯವಾಗಿ ಬ್ರೆಡ್ಡಿನ ತುಂಡಿನಂತಾಗುತ್ತದೆ. ಯಾರನ್ನಾದರೂ ಕೂರಿಸಿ, ನೀವು ನೆಲದಲ್ಲಿ ಕಣ್ಣು 50 ಸೆಂ.ಮೀ.ಗೆ ಬರುವಂತೆ ಒರಗಿ, ಇದ್ದಿಲಿನಲ್ಲಿ ಏಳೆಂಟು ಅಭ್ಯಾಸಚಿತ್ರ ಮಾಡಿಕೊಳ್ಳಿ. ಕ್ಯಾನ್ವಾಸಿನ ಮುಂದೆ ಕೂರುವಾಗ ಮಾದರಿಯೂ ಫೋಟೊವೂ ಎದುರಿಗಿರಬಾರದು, ಈ ಇದ್ದಿಲಿನ ಹಾಳೆಗಳಷ್ಟೇ ಇರಲಿ. ಫೋಟೊ ಎದುರಿಗಿದ್ದರೆ ಕೈ ಅದರ ವಿವರವನ್ನೆಲ್ಲ ಸಮವಾಗಿ ಎತ್ತಿಕೊಳ್ಳುತ್ತದೆ. ನೆನಪು ಸಮವಾಗಿರುವುದಿಲ್ಲ: ಹಿಮ್ಮಡಿಯ ಒಡಕು ಸ್ಪಷ್ಟವಿರುತ್ತದೆ, ಸ್ಟೂಲಿನ ಕಾಲು ಎಷ್ಟಿತ್ತೆಂದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ, ನೆರಳಿನಲ್ಲಿ ಬಿಡಿ.

ಬಣ್ಣಕ್ಕೆ ಬರ್ಂಟ್ ಅಂಬರ್ (ಗಾಢ ಕಂದು), ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್ (ಮಣ್ಣುಹಳದಿ), ಟೈಟಾನಿಯಂ ವೈಟ್, ಜೊತೆಗೆ ಮಣ್ಣುಗೆಂಪು ಒಂದು. ಇಷ್ಟರಲ್ಲಿ ರಾತ್ರಿದೀಪದ ಬೆಳಕು ಸಿಗುತ್ತದೆ. ಬಿಳಿ ಕ್ಯಾನ್ವಾಸಿನ ಮೇಲೆ ಅಂಬರ್ ಮತ್ತು ಓಕರ್ ತೆಳುವಾಗಿ ಹಚ್ಚಿ ನಡುಛಾಯೆಯ ನೆಲ ಮಾಡಿಕೊಂಡರೆ ಕತ್ತಲಿನಿಂದ ಬೆಳಕನ್ನು ಹೊರತೆಗೆಯುವುದು ಸುಲಭ. ಬೆಳಕು ಬೆಚ್ಚಗಿದ್ದರೆ ನೆರಳು ನೀಲಿಯ ಕಡೆಗೆ ವಾಲಲಿ. ಅತಿ ಪ್ರಕಾಶದ ಜಾಗ ಒಂದೇ ಇರಲಿ, ಅದು ತೂಗುವ ಬಟ್ಟೆ. ಮಡಿಲು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮಡಿಲನ್ನೂ ಅಷ್ಟೇ ಬೆಳಗಿಸಿದರೆ ಕಣ್ಣು ಅಲ್ಲಿ ನಿಂತು ಮೇಲಿನ ಮುಖ ಹುಡುಕುತ್ತದೆ, ಸಿಗದೆ ಚಿತ್ರ ಅಪೂರ್ಣ ಅನ್ನಿಸುತ್ತದೆ.

ಹಳೆಯ ಕ್ಯಾನ್ವಾಸಿನ ಮೇಲೇ ಬರೆಯುವ ಆಸೆ ಬರಬಹುದು. ಬೇಡ. ಹಕ್ಕಿ, ದಾರಗಳ ದಪ್ಪ ಬಣ್ಣದ ಏಣುಗಳು ಮೇಲೆ ಎಷ್ಟು ಹಚ್ಚಿದರೂ ಓರೆಬೆಳಕಿನಲ್ಲಿ ಎದ್ದು ಕಾಣುತ್ತವೆ. ತೈಲವರ್ಣ ವರ್ಷಗಳು ಕಳೆದಂತೆ ಸ್ವಲ್ಪ ಪಾರದರ್ಶಕವಾಗುವುದರಿಂದ ಕೆಳಗಿನ ಗಾಢ ಆಕಾರಗಳೂ ನಿಧಾನಕ್ಕೆ ಮೇಲೇಳಬಹುದು. ಎಣ್ಣೆ ಹೆಚ್ಚಿರುವ ಹಳೆಯ ಪದರದ ಮೇಲೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಬಿರುಕು ಬಿಡುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ಕ್ರಮ ಹೊಸದರಲ್ಲೂ ತಪ್ಪಬಾರದು. ಮೊದಲ ಪದರದ ಬಣ್ಣಕ್ಕೆ ಟರ್ಪೆಂಟೈನ್ ಮಾತ್ರ ಬೆರೆಸಿ, ನಡುವೆ ಟ್ಯೂಬಿನ ಬಣ್ಣ ಹಾಗೆಯೇ, ಕೊನೆಗೆ ಬೇಕಿದ್ದರೆ ಚೂರು ಅಗಸೆ ಎಣ್ಣೆ. ಕೆಳಪದರಕ್ಕೆ ಅಂಬರ್ ಒಳ್ಳೆಯದು, ಅದರಲ್ಲಿನ ಮ್ಯಾಂಗನೀಸ್‌ನಿಂದ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಬಹಳ ನಿಧಾನ, ಅದನ್ನು ಅಡಿಯಲ್ಲಿ ಬಳಸಬೇಡಿ. ಹಲಗೆಯ ಅಡಿಭಾಗದ ಕಪ್ಪನ್ನು ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿ ಮಾಡಿಕೊಳ್ಳಿ. ಟ್ಯೂಬಿನ ಕಪ್ಪಿಗಿಂತ ಅದು ಹೆಚ್ಚು ಜೀವಂತ. ಆ ದೊಡ್ಡ ಕಪ್ಪು ಪಟ್ಟಿ ಒಣಗಿದಾಗ ಅಲ್ಲಲ್ಲಿ ಹೊಳಪು ಕಳೆದು ಮಂಕಾಗುವುದು ಸಹಜ. ಕೆಳಗಿನ ಪದರ ಎಣ್ಣೆ ಹೀರಿಕೊಂಡಿರುತ್ತದೆ. ಅದನ್ನು ಕಂಡು ಗಾಬರಿಯಿಂದ ಬಣ್ಣ ಬದಲಿಸಬೇಡಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎಣ್ಣೆಯ ಬಲು ತೆಳು ಲೇಪ ಸವರಿ ಒರೆಸಿದರೆ ನಿಜವಾದ ಛಾಯೆ ಮರಳುತ್ತದೆ.

ಇನ್ನೊಂದು ಮಾತು, ಕೊನೆಯ ವಾರದ್ದು. ಚಿತ್ರ ಮುಕ್ಕಾಲು ಮುಗಿದಾಗ ಯಾರಾದರೂ ಬಂದು ‘ಮುಖ ಯಾಕಿಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ಆಗ ಚಕ್ರದ ಹೊಳಪಿನಲ್ಲಿ ಪ್ರತಿಬಿಂಬವಾಗಿಯೋ, ಬಟ್ಟೆಯ ಮೇಲೆ ನೆರಳಾಗಿಯೋ ಮುಖವನ್ನು ತರುವ ಉಪಾಯ ಹೊಳೆಯುತ್ತದೆ, ಅದು ಜಾಣತನವೆಂದೂ ಅನ್ನಿಸುತ್ತದೆ. ತರಬೇಡಿ. ಬದಲಿಗೆ ಬೆಲ್ಟು ಹಲಗೆಯ ತೂತಿಗೆ ಸೇರುವ ಜಾಗವನ್ನು ನೋಡಿ: ಅಲ್ಲಿ ತೂತಿನ ಅಂಚಿಗೆ ಮೇಲಿನ ದೀಪದ ಬೆಳಕು ಒಂದು ಗೋಧಿಕಾಳಿನಷ್ಟು ಸೋರಬೇಕು, ಓಕರ್ ಮತ್ತು ಬಿಳಿ, ಒಂದೇ ಕುಂಚದೇಟು. ಕ್ಯಾನ್ವಾಸನ್ನು ಕನ್ನಡಿಯಲ್ಲಿ ಹಿಡಿದು, ಕಣ್ಣು ಪಾದದಿಂದ ಚಕ್ರಕ್ಕೆ, ಚಕ್ರದಿಂದ ಆ ಕಾಳಿನಷ್ಟು ಬೆಳಕಿಗೆ, ಅಲ್ಲಿಂದ ಬಟ್ಟೆಗೆ ಇಳಿಯುತ್ತದೆಯೇ ಎಂದು ಪರೀಕ್ಷಿಸಿ. ನಡುವೆ ಎಲ್ಲಾದರೂ ಕಣ್ಣು ಸಿಕ್ಕಿಹಾಕಿಕೊಂಡರೆ ಆ ಜಾಗದ ವಿವರವನ್ನು ಚಿಂದಿಬಟ್ಟೆಯಿಂದ ಒರೆಸಿ ಮಂಕುಮಾಡಿ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಕುಂಚ ತೊಳೆದಿಡಿ.